ತಪ್ಪದೇ ಎಲ್ಲಾ ಪಾಲಕರಿಗೂ ಕಳಿಸಿ

ನಮ್ಮ ಮನೆತನದ ವಾಟ್ಸಾಪ್ ಗುಂಪಿಗೆ ದೊಡ್ಡ ಕಾಕಾ ಹಾಕಿದ ಮೆಸೇಜ್ ಹೀಗಿತ್ತು: ಶಾಲೆ ಗೇಟಿನ ಹತ್ತಿರ ಸ್ಟ್ರಾಬೆರಿ ವಾಸನೆಯ ಚಾಕಲೇಟು ಹಂಚುತ್ತಿದ್ದಾರೆ, ಅದರಲ್ಲಿ ಡ್ರಗ್ಸ್ ಇದೆ, ಒಮ್ಮೆ ತಿಂದರೆ ಮಗು ಕೈತಪ್ಪಿದಂತೆ. ತಪ್ಪದೇ ಎಲ್ಲಾ ಪಾಲಕರಿಗೂ ಕಳಿಸಿ.

ಹುಬ್ಬಳ್ಳಿ, ಧಾರವಾಡ, ಗದಗ ಮೂರೂ ಕಡೆಯವರು ಇರುವ ಗುಂಪು ಇದು. ಆಮೇಲೆ ನಡೆದದ್ದನ್ನು ವೈನಿಯ (ಅತ್ತಿಗೆಯ) ಒಪ್ಪಿಗೆ ಕೇಳಿಯೇ ಇಲ್ಲಿ ಬರೆಯುತ್ತಿದ್ದೇನೆ. ಹೆಸರು ಬದಲಿಸಿದ್ದೇನೆ.

ಸವಿತಾ ಅತ್ತಿ: ಅಯ್ಯ ಶಿವನೇ! ನಾಳಿಂದ ಮಕ್ಕಳ ಬ್ಯಾಗು, ಡಬ್ಬಿ ಎಲ್ಲಾ ತಪಾಸ ಮಾಡ್ರಿ.

ಮಂಜು: ಕಾಕಾ, ಯಾವ ಶಾಲೆ? ಯಾವ ಠಾಣೆ? ಇದು 2007ರಲ್ಲಿ ಅಮೆರಿಕದಲ್ಲಿ ಇಮೇಲ್‌ನಲ್ಲಿ ಓಡಾಡಿದ ಸುದ್ದಿ. ಅಲ್ಲೂ ಖರೆ ಆಗಿರಲಿಲ್ಲ. ಈಗ ಕನ್ನಡದಲ್ಲಿ ಬಂದಿದೆ ಅಷ್ಟೇ.

ಸವಿತಾ ಅತ್ತಿ: ಮಂಗಳೂರಿನಲ್ಲಿ ಸಿಕ್ಕಿತ್ತಲ್ಲ?

ಮಂಜು: ಅದು 2023ರಲ್ಲಿ ಅಂಗಡಿಗಳಲ್ಲಿ ಸಿಕ್ಕ ಭಾಂಗ್ ಚಾಕಲೇಟು. ಪೊಲೀಸರು ಹಿಡಿದಿದ್ದು ಖರೆ. ಇದೇ ಬೇರೆ, ಅದೇ ಬೇರೆ.

ದೊಡ್ಡ ಕಾಕಾ: ನಿನಗೆ ಎಲ್ಲದಕ್ಕೂ ಪುರಾವೆ ಬೇಕು. ಅಜ್ಜನ ಹೊಲದ ಕಾಗದದ ವಿಷಯದಲ್ಲೂ ಹೀಗೇ ಮಾಡಿದಿ. ಹಿರಿಯರ ಮಾತು ಒಮ್ಮೆಯಾದರೂ ಸುಮ್ನೆ ಕೇಳು.

ಮಂಜು: ಹೊಲದ ಮಾತು ಇಲ್ಲಿ ಯಾಕೆ ಬಂತು?

ಬಂದಾಗಿತ್ತು. ಪಾಲು ಯಾರಿಗೆ ಎಷ್ಟು, ಸಹಿ ಯಾರು ಹಾಕಲಿಲ್ಲ, ಇದೇ ನಡೆಯಿತು. ಅದನ್ನು ತಣ್ಣಗೆ ಮಾಡಲು ಗದಗಿನ ಪ್ರಕಾಶ ನಡುವೆ ಬಂದ. ನಮ್ಮ ಕಾಲಕ್ಕೆ ಶಾಲೆ ಗೇಟಿನಲ್ಲಿ ಪೇರಲ ಹಣ್ಣು, ಬಾರಿಹಣ್ಣು, ಹುಣಸೆ ಚಿಗಳಿ ಇರುತ್ತಿತ್ತು ಎಂದ. ಅಲ್ಲಿಂದ ಮಾತು ಗದಗಿನ ತೋಂಟದಾರ್ಯ ಮಠದ ಜಾತ್ರೆಗೆ ಹೋಯಿತು. ಹಳೆಯ ಫೋಟೋಗಳು ಬಂದವು. ಮಕ್ಕಳ ಮಾತು ಯಾರಿಗೂ ನೆನಪಿರಲಿಲ್ಲ.

ಆಗ ಸವಿತಾ ಅತ್ತಿ ಮತ್ತೆ ಬರೆದರು: ತಾಯಂದಿರು ಮನೆಯಲ್ಲಿದ್ದರೆ ಹುಡುಗರು ಹಾದಿ ತಪ್ಪುವುದಿಲ್ಲ. ನೌಕರಿ ನೌಕರಿ ಅಂತ ಓಡಿದರೆ ಹೀಗೇ ಆಗೋದು.

ನೌಕರಿ ಮಾಡುವುದು ವೈನಿ. ಆ ಮಾತು ಯಾರಿಗೆ ಎಂದು ಗುಂಪಿನಲ್ಲಿ ಎಲ್ಲರಿಗೂ ಗೊತ್ತಾಯಿತು. ನನಗೆ ಸಿಟ್ಟು ಬಂತು. ಉತ್ತರ ಬರೆಯುವಷ್ಟರಲ್ಲಿ ವೈನಿಯದೇ ಉದ್ದ ಮೆಸೇಜ್ ಬಂತು.

ವೈನಿ: ನಮ್ಮ ಹುಡುಗನಿಗೆ ಗೇಟಿನಲ್ಲಿ ಯಾರೂ ಚಾಕಲೇಟು ಕೊಡಲಿಲ್ಲ. ಮೊದಲು ಕೊಟ್ಟವನು ನಮ್ಮ ಮನೆಯಲ್ಲೇ ಉಂಡು ಹೋಗುತ್ತಿದ್ದ ಅವನ ಗೆಳೆಯ. ಮೊದಲು ಗಾಂಜಾ. ಆಮೇಲೆ ಔಷಧ ಅಂಗಡಿಯಿಂದ ಚೀಟಿ ಇಲ್ಲದೆ ತಂದ ನೋವಿನ ಮಾತ್ರೆ. ರಾತ್ರಿ ಎಚ್ಚರ, ಹಗಲು ನಿದ್ದೆ. ಕ್ರಿಕೆಟ್ ಬಿಟ್ಟ. ನನ್ನ ಪರ್ಸಿನಲ್ಲಿ ರೊಕ್ಕ ಕಡಿಮೆ ಆಗುತ್ತಿತ್ತು. ಪಿಯುಸಿ ಓದಿನ ಒತ್ತಡ ಅಂದುಕೊಂಡೆವು. ಗೊತ್ತಾದ ಮೇಲೆ ಇವರು ಹೊಡೆದರು. ನಾನು ಹರಕೆ ಹೊತ್ತೆ. ದೇವರ ಮುಂದೆ ಆಣೆ ಮಾಡಿಸಿದೆವು. ಆಣೆ ಮಾಡುವಾಗ ಅವನು ಖರೇನೇ ಬಿಡಬೇಕು ಅಂದುಕೊಂಡಿದ್ದ. ಎರಡು ದಿನಕ್ಕೆ ಮೈಕೈ ನೋವು, ವಾಂತಿ, ಭೇದಿ. ಕಣ್ಣಿಗೆ ಕಣ್ಣು ಹತ್ತಲಿಲ್ಲ. ಮತ್ತೆ ಮಾತ್ರೆ ತಗೊಂಡ. ಅದು ಸೊಕ್ಕು ಅಲ್ಲ, ಮೈ ಕೇಳುತ್ತಿತ್ತು. ಡಾಕ್ಟರು ಹೇಳಿದ ಮೇಲೆ ನಮಗೆ ತಿಳಿಯಿತು.

ದೊಡ್ಡ ಕಾಕಾ: ಇಷ್ಟೆಲ್ಲ ಆಗುವ ತನಕ ನಮಗೆ ಯಾಕೆ ಹೇಳಲಿಲ್ಲ?

ವೈನಿ: ರೇಖಾನ ಕುಬಸದಲ್ಲಿ (ಸೀಮಂತದಲ್ಲಿ) ಎಲ್ಲರ ಎದುರಿಗೆ ‘ಹುಡುಗ ಯಾಕೆ ಹಿಂಗ ಬಡಕಲಾಗ್ಯಾನ, ಗಾಂಜಾ ಸೇದತಾನೇನು’ ಅಂತ ನೀವೇ ನಕ್ಕಿರಿ. ಅವನು ಅಲ್ಲೇ ನಿಂತಿದ್ದ. ಹೆಂಗ ಹೇಳಲಿ ಕಾಕಾ?

ಇದಕ್ಕೆ ಯಾರೂ ಉತ್ತರ ಕೊಡಲಿಲ್ಲ. ಪ್ರಕಾಶ ಮಾತ್ರ ಕೈ ಮುಗಿದ ಚಿತ್ರ ಹಾಕಿದ. ಆಮೇಲೆ ನಾನು ಬರೆದದ್ದನ್ನು ಸ್ವಲ್ಪ ಬಿಡಿಸಿ ಇಲ್ಲಿ ಹೇಳುತ್ತೇನೆ.

ವೈನಿಯವರ ಮನೆಯಿಂದ ಆಸ್ಪತ್ರೆ ದೂರ ಇರಲಿಲ್ಲ. ಹುಬ್ಬಳ್ಳಿಯಲ್ಲಿ ಚಿಗರಿ ಬಸ್ ಹತ್ತಿದರೆ ಧಾರವಾಡ. ಅಲ್ಲಿ ಡಿಮ್ಹಾನ್ಸ್ ಇದೆ, ಸರ್ಕಾರಿ ಮಾನಸಿಕ ಆರೋಗ್ಯ ಸಂಸ್ಥೆ. ಹುಬ್ಬಳ್ಳಿಯ ಕಿಮ್ಸ್ ಆಸ್ಪತ್ರೆಯಲ್ಲೂ (ಈಗಿನ ಹೆಸರು ಕೆಎಂಸಿಆರ್‌ಐ) ಮನೋರೋಗ ವಿಭಾಗ ಇದೆ. ಆದರೆ ನಮ್ಮ ಕಡೆ ಜಗಳದಲ್ಲಿ ಬಾಯಿಗೆ ಮೊದಲು ಬರುವ ಬೈಗುಳ ಯಾವುದು? ‘ಇವನನ್ನ ಧಾರವಾಡಕ್ಕ ಕಳಿಸಬೇಕು.’ ಚಿಕ್ಕಂದಿನಿಂದ ಇದನ್ನು ಕೇಳಿದ ಮನೆಯವರು ಮಗನನ್ನು ಅದೇ ಗೇಟಿನೊಳಗೆ ಕರೆದುಕೊಂಡು ಹೋಗಲು ಹಿಂದೆ ಮುಂದೆ ನೋಡದೆ ಇರುತ್ತಾರಾ? ಹುಡುಗನ ತಿಂಗಳುಗಟ್ಟಲೆ ಸಮಯ ಅಲ್ಲೇ ಹೋಯಿತು.

ಇನ್ನೊಂದು ಹೆದರಿಕೆ ಪೊಲೀಸ್ ಕೇಸಿನದು. ಮಾದಕ ವಸ್ತುಗಳ ಬಗ್ಗೆ ಇರುವ 1985ರ ಎನ್‌ಡಿಪಿಎಸ್ ಕಾಯ್ದೆಯಲ್ಲಿ 64ಎ ಅಂತ ಒಂದು ಕಲಂ ಇದೆ. ಸೇವನೆ ಅಥವಾ ಸಣ್ಣ ಪ್ರಮಾಣದ ಪ್ರಕರಣದಲ್ಲಿ ಸಿಕ್ಕ ವ್ಯಸನಿ ತಾನಾಗಿ ಸರ್ಕಾರಿ ಅಥವಾ ಮಾನ್ಯತೆ ಇರುವ ಕೇಂದ್ರದಲ್ಲಿ ಚಿಕಿತ್ಸೆ ಪಡೆದರೆ ಅವನ ಮೇಲೆ ಮೊಕದ್ದಮೆ ನಡೆಸುವುದಿಲ್ಲ. ಚಿಕಿತ್ಸೆ ಅರ್ಧಕ್ಕೆ ಬಿಟ್ಟರೆ ಆ ರಕ್ಷಣೆ ಹೋಗಬಹುದು. ಮಕ್ಕಳ ಕೈಗೆ ಮಾದಕ ವಸ್ತು ಕೊಟ್ಟವರ ಕಥೆ ಬೇರೆ. 2015ರ ಬಾಲನ್ಯಾಯ ಕಾಯ್ದೆಯ 77ನೇ ಕಲಂ ಪ್ರಕಾರ ಅವರಿಗೆ 7 ವರ್ಷದ ತನಕ ಕಠಿಣ ಜೈಲು, 1 ಲಕ್ಷ ರೂಪಾಯಿ ತನಕ ದಂಡ. ಹೆದರಬೇಕಾದವರು ಅವರು. ಹೆದರಿ ಬಾಗಿಲು ಹಾಕಿಕೊಂಡು ಕೂತಿದ್ದು ವೈನಿಯವರ ಮನೆ.

ಮಂಜು ಕೂಡ ಒಂದು ಮಾತು ಸೇರಿಸಿದ. ಕೇಂದ್ರ ಸರ್ಕಾರಕ್ಕಾಗಿ ದಿಲ್ಲಿಯ ಏಮ್ಸ್ ಆಸ್ಪತ್ರೆ ಮಾಡಿದ ಸಮೀಕ್ಷೆ 2019ರಲ್ಲಿ ಹೊರಬಂತು. ಅದರಲ್ಲಿ ದೊಡ್ಡವರಿಗಿಂತ ಮಕ್ಕಳಲ್ಲೇ ಜಾಸ್ತಿ ಕಂಡದ್ದು ಒಂದೇ ಚಟ. ಸೊಲ್ಯೂಷನ್, ವೈಟ್ನರ್, ಥಿನ್ನರ್‌ನಂಥವನ್ನು ಮೂಸುವುದು. 10ರಿಂದ 17 ವರ್ಷದವರಲ್ಲಿ ಶೇ 1.17, ದೊಡ್ಡವರಲ್ಲಿ ಶೇ 0.58. ಪಂಕ್ಚರ್ ಅಂಗಡಿಯಲ್ಲಿ, ಸ್ಟೇಷನರಿ ಅಂಗಡಿಯಲ್ಲಿ ಸಿಗುವ ಸಾಮಾನು ಇವು. ಸ್ಟ್ರಾಬೆರಿ ವಾಸನೆ ಹುಡುಕುತ್ತ ಕೂತರೆ ಇವು ಕಣ್ಣಿಗೆ ಬೀಳುವುದೇ ಇಲ್ಲ.

ಸವಿತಾ ಅತ್ತಿ: ಈಗ ಪೂರ್ತಿ ಆರಾಮ ಆಗಿದ್ದಾನೇನು?

ವೈನಿ: ಪೂರ್ತಿ ಅಂತ ಹೇಳಲು ಬರುವುದಿಲ್ಲ ಅತ್ತಿ. ನಡುವೆ ಒಮ್ಮೆ ಜಾರಿದ. ಬೈಯದೆ ಕರೆದುಕೊಂಡು ಹೋದೆವು. ಶುಗರ್ ಮತ್ತೆ ಏರಿದರೆ ಔಷಧ ಬದಲಿಸುವುದಿಲ್ಲೇನು, ಹಾಗೇ ಇದೂ ಅಂದರು ಡಾಕ್ಟರು. ನಮಗೂ ಕೌನ್ಸೆಲಿಂಗ್ ಮಾಡಿದರು, ಇವರಿಗೆ ಮುಖ್ಯವಾಗಿ. ಈಗ ಅಪ್ಪ ಮಗ ರಾತ್ರಿ ಕೂಡಿ ಊಟ ಮಾಡುತ್ತಾರೆ. ಹಳೆಯ ನಂಬರ್‌ಗಳನ್ನು ಅವನೇ ಫೋನಿನಿಂದ ತೆಗೆದ. ಕಾಲೇಜಿಗೆ ಹೋಗುತ್ತಿದ್ದಾನೆ.

ಗುಂಪಿನಲ್ಲಿ ಹದಿಹರೆಯದ ಮಕ್ಕಳಿರುವ ಮನೆ ಇನ್ನೂ ಇವೆ. ಅದಕ್ಕೇ ಎರಡು ನಂಬರ್ ಹಾಕಿದೆ. ಮಾದಕ ವ್ಯಸನಕ್ಕೆ ರಾಷ್ಟ್ರೀಯ ಸಹಾಯವಾಣಿ 14446. ಮನಸ್ಸಿನ ತೊಂದರೆಗೆ ಟೆಲಿ ಮಾನಸ್ 14416, ಕನ್ನಡದಲ್ಲೂ ಮಾತಾಡಬಹುದು. ಆ ಚಾಕಲೇಟಿನ ಮೆಸೇಜ್ ತೆಗೆದು ಇವನ್ನು ಮುಂದೆ ಕಳಿಸಿ ಎಂದು ದೊಡ್ಡ ಕಾಕಾಗೆ ಕೇಳಿದೆ. ‘ಜಾಗೃತಿಗೆ ಇರಲಿ ಬಿಡು’ ಅಂದರು. ಅವರು ಕೆಟ್ಟವರಲ್ಲ, ಮೊಮ್ಮಕ್ಕಳ ಮೇಲಿನ ಕಾಳಜಿಗೇ ಕಳಿಸಿದ್ದು ನನಗೆ ಗೊತ್ತಿದೆ. ಆದರೂ ಅದನ್ನು ತೆಗೆಯುವ ತನಕ ನಾನು ಕೇಳುತ್ತಲೇ ಇರುತ್ತೇನೆ. ಕುಬಸದಲ್ಲಿ ಆಡಿದ ಮಾತಿಗೆ ಅವರು ಹುಡುಗನ ಹತ್ತಿರ ಒಮ್ಮೆ ಮಾತಾಡಬೇಕು, ಅದನ್ನೂ ಕೇಳುತ್ತೇನೆ.