‘ಗಾಡಿ ಚಾಲೂ ಆಗವಲ್ದು’ ಮತ್ತು ಇಂಗ್ಲಿಷಿನ ‘ವಿಲ್’: ಒಂದು ಪದಚರ್ಚೆ

ಬಳಗದ ಎಲ್ಲರಿಗೂ ನಮಸ್ಕಾರ.

ಪ್ರಶ್ನೆ ಸಣ್ಣದು, ಪೀಠಿಕೆ ಸ್ವಲ್ಪ ಉದ್ದ. ನಾನು ಧಾರವಾಡದ ಸಪ್ತಾಪುರದಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರಿಗೆ ಇಂಗ್ಲಿಷ್ ಹೇಳಿಕೊಡುತ್ತೇನೆ. ಗದಗ, ರೋಣ, ಹಾವೇರಿ, ಸವಣೂರು ಕಡೆಯ ಹುಡುಗ ಹುಡುಗಿಯರೇ ಜಾಸ್ತಿ. ಬಹಳ ಜನ ಕನ್ನಡ ಮಾಧ್ಯಮದವರು. ವ್ಯಾಕರಣದ ಸೂತ್ರಗಳು ಬಾಯಿಪಾಠ ಇರುತ್ತವೆ. ಆದರೂ ‘ಡೈಲಿ ಐ ವಿಲ್ ಗೋ ಟು ಲೈಬ್ರರಿ’ ಅಂತ ಬರೆಯುತ್ತಾರೆ. ದಿನಾ ಹೋಗುವ ಮಾತಿಗೆ ‘ಐ ಗೋ’ ಸಾಕು, ‘ವಿಲ್’ ಬೇಕಾಗಿಲ್ಲ.

ಈ ‘ವಿಲ್’ ಎಲ್ಲಿಂದ ನುಸುಳಿತು ಅನ್ನುವುದು ಗೊತ್ತಿರುವುದೇ. ನಮ್ಮ ‘ಹೋಗ್ತೀನಿ’ ಎರಡೂ ಕಡೆ ನಡೆಯುತ್ತದೆ. ದಿನಾ ಹೋಗ್ತೀನಿ, ನಾಳೆನೂ ಹೋಗ್ತೀನಿ. ಶಾಲೆಯಲ್ಲಿ ಮಾತ್ರ ವರ್ತಮಾನಕ್ಕೆ ‘ಹೋಗುತ್ತಾನೆ’, ಭವಿಷ್ಯತ್ತಿಗೆ ‘ಹೋಗುವನು’ ಅಂತ ಬೇರೆ ಬೇರೆ ಮಾಡಿ ಕಲಿಸುತ್ತಾರೆ. ‘ನಾಳೆ ನಮ್ಮ ಕಾಕಾ ಬರುವನು’ ಅಂತ ಹುಬ್ಬಳ್ಳಿ ಹಳೇ ಬಸ್ ಸ್ಟ್ಯಾಂಡಿನಲ್ಲಿ ಯಾರಾದರೂ ಅಂದದ್ದು ಕೇಳಿದ್ದೀರಾ? ಹುಡುಗರು ಆ ‘ಬರುವನು’ ಪಕ್ಕದಲ್ಲಿ ‘ವಿಲ್ ಕಮ್’ ಬರೆದುಕೊಂಡು ಲೆಕ್ಕ ಸರಿ ಆಯ್ತು ಅಂದುಕೊಳ್ಳುತ್ತಾರೆ. ಆದರೆ ಇಂಗ್ಲಿಷಿನಲ್ಲೂ ಭವಿಷ್ಯತ್ತಿಗೆ ಅಂತ ಕ್ರಿಯಾಪದದ ಬೇರೆ ರೂಪ ಇಲ್ಲ. ‘ಗೋ’ಗೆ ಭೂತದಲ್ಲಿ ‘ವೆಂಟ್’ ಇದೆ, ಮುಂದಿನದಕ್ಕೆ ಹಾಗೆ ಏನೂ ಇಲ್ಲ. ‘ವಿಲ್’ ಅನ್ನೋದು ‘ಕ್ಯಾನ್’, ‘ಮಸ್ಟ್’, ‘ಮೇ’ ಇವುಗಳ ಸಾಲಿನದು. ಹೇಳುವವನ ಮನಸ್ಸು, ಅಂದಾಜು, ಒಪ್ಪಿಗೆ ಇದರಲ್ಲಿ ಇರುತ್ತದೆ. ಕಾಲ ಆಮೇಲೆ ಬಂದು ಅಂಟಿಕೊಂಡದ್ದು.

ಹಳೇ ಇಂಗ್ಲಿಷಿನಲ್ಲಿ ‘ವಿಲ್’ ಅಂದರೆ ‘ಬೇಕು, ಇಷ್ಟ’ ಅಂತಲೇ ಅರ್ಥ. ಜರ್ಮನ್ನರು ಇವತ್ತಿಗೂ ‘ಇಶ್ ವಿಲ್’ ಅಂದರೆ ‘ನನಗೆ ಬೇಕು’ ಅಂತ. ಆ ಹಳೇ ವಾಸನೆ ಇಂಗ್ಲಿಷಿನಲ್ಲಿ ಪೂರ್ತಿ ಹೋಗಿಲ್ಲ. ‘ದ ಸ್ಕೂಟರ್ ವೋಂಟ್ ಸ್ಟಾರ್ಟ್’ ಅನ್ನುತ್ತಾರಲ್ಲ, ಅದು ನಾಳೆಯ ಮಾತಲ್ಲ. ಈಗ, ಇಲ್ಲೇ, ಕಿಕ್ ಹೊಡೆದು ಹೊಡೆದು ಕಾಲು ಸೋತವನ ಮಾತು. ಪುಸ್ತಕದ ಕನ್ನಡದಲ್ಲಿ ‘ಸ್ಕೂಟರ್ ಚಾಲೂ ಆಗುವುದಿಲ್ಲ’ ಅಂತ ಬರೆದರೆ ಸತ್ವವೇ ಹೋಗುತ್ತದೆ. ನಮ್ಮ ಕಡೆ ಏನಂತೀವಿ? ‘ಗಾಡಿ ಚಾಲೂ ಆಗವಲ್ದು’. ‘ಮಳಿ ಬರವಲ್ದು’, ‘ನಿದ್ದಿ ಹತ್ತವಲ್ದು’, ‘ಹುಡುಗ ಉಣ್ಣವಲ್ಲ’. ‘ಆಗಲೊಲ್ಲದು’ ಸವೆದು ‘ಆಗವಲ್ದು’ ಆಗಿದೆ. ಒಳಗಿರುವುದು ‘ಒಲ್ಲೆ’ಯ ‘ಒಲ್’, ಅಂದರೆ ಇಷ್ಟಪಡು, ಮನಸ್ಸು ಮಾಡು. ಗಾಡಿಗೆ ಮನಸ್ಸಿಲ್ಲ, ಮಳೆಗೆ ಮನಸ್ಸಿಲ್ಲ. ಇಂಗ್ಲಿಷಿನವನೂ ಅದನ್ನೇ ಹೇಳುತ್ತಿದ್ದಾನೆ. ‘ವಿಲ್’ಗೂ ‘ಒಲ್’ಗೂ ನಂಟು ಹುಡುಕಲು ಯಾರೂ ಹೊರಡಬೇಡಿ, ಅವು ಬೇರೆ ಬೇರೆ ಮನೆತನದ ಮಾತುಗಳು. ಎರಡು ಕಡೆಯ ಜನರಿಗೂ ಒಂದೇ ಥರ ತೋಚಿದೆ ಅಷ್ಟೇ.

ಇದನ್ನು ತರಗತಿಯಲ್ಲಿ ಹೇಳಿದ ಮೇಲೆ ‘ವೋಂಟ್’ ಯಾರಿಗೂ ತೊಡಕಾಗಲಿಲ್ಲ. ಆಮೇಲೆ ನನಗೆ ಅನ್ನಿಸಿತು, ಉಳಿದವಕ್ಕೂ ನಮ್ಮ ಆಡುಮಾತಿನಲ್ಲೇ ಜೋಡಿ ಇರಬೇಕಲ್ಲ? ಹುಡುಕಿದರೆ ಇವೆ. ಪುಸ್ತಕದ ಕನ್ನಡಕ್ಕಿಂತ ಹೆಚ್ಚೇ ಇವೆ. ಕೆಳಗೆ ಬರೆದದ್ದನ್ನು ಓದಿ, ಎಲ್ಲಿ ಸಡಿಲ ಇದೆ ತಿಳಿಸಿ.

ಮುಂದೆ ಆಗುವ ಕೆಲಸವನ್ನು ಇಂಗ್ಲಿಷಿನವರು ಬೇರೆ ಬೇರೆ ರೀತಿ ಹೇಳುತ್ತಾರೆ. ಬಾಗಿಲು ಬಡಿದ ಸಪ್ಪಳ ಕೇಳಿತು, ‘ತಡೀರಿ, ನಾ ತಗೀತೀನಿ’ ಅಂತ ಏಳುತ್ತೀರಿ. ಆ ಗಳಿಗೆಯಲ್ಲೇ ಮಾಡಿದ ತೀರ್ಮಾನ, ಅಲ್ಲಿ ‘ಐಲ್ ಓಪನ್ ಇಟ್’. ಮೊದಲೇ ಮನಸ್ಸಿನಲ್ಲಿ ಹಾಕಿಕೊಂಡಿದ್ದರೆ ನಾವು ‘ಈ ವರ್ಷ ಮನಿ ಕಟ್ಟಬೇಕಂತ ಮಾಡೀನಿ’ ಅಂತೀವಿ. ಅದೇ ‘ಗೋಯಿಂಗ್ ಟು’. ಈ ‘ಅಂತ ಮಾಡೀನಿ’ ಎಷ್ಟು ಚೊಕ್ಕಾಗಿದೆ ನೋಡಿ, ಕೆಲಸ ಇನ್ನೂ ಶುರು ಆಗಿಲ್ಲ, ಆದರೆ ‘ಮಾಡೀನಿ’ ಅಂತ ಮುಗಿಸಿಬಿಟ್ಟಿದ್ದೇವೆ. ಮೋಡ ಕಟ್ಟಿದ್ದು ಕಣ್ಣಿಗೆ ಕಾಣುತ್ತಿದ್ದರೆ ‘ಮಳಿ ಬರೂ ಹಂಗೈತಿ’. ಇದಕ್ಕೂ ‘ಗೋಯಿಂಗ್ ಟು’ ಬೇಕು, ಯಾಕೆಂದರೆ ಗುರುತು ಎದುರಿಗೇ ಇದೆ. ಇನ್ನು ಟಿಕೆಟ್ ತೆಗೆಸಿ, ಚೀಲ ಕಟ್ಟಿ ಆಗಿದ್ದರೆ? ‘ನಾಳೆ ಹಾವೇರಿಗೆ ಹೊಂಟೀನಿ’. ಹೋಗುವುದು ನಾಳೆ, ಆದರೆ ‘ಹೊಂಟೀನಿ’ ಇವತ್ತೇ. ಇಂಗ್ಲಿಷಿನವನೂ ‘ಐ ಆಮ್ ಲೀವಿಂಗ್ ಟುಮಾರೊ’ ಅಂತಾನೆ, ಗೊತ್ತು ಮಾಡಿಕೊಂಡ ಕೆಲಸಕ್ಕೆ ನಡೆಯುತ್ತಿರುವ ಕೆಲಸದ ರೂಪ ಹಾಕುತ್ತಾನೆ. ‘ಬಸ್ ಆರಕ್ಕ ಬಿಡ್ತೈತಿ’ ಅನ್ನೋದು ವೇಳಾಪಟ್ಟಿ, ಅಲ್ಲಿ ಬರೀ ‘ಲೀವ್ಸ್’. ಚಿಗರಿ ಬಸ್ಸಿಗೆ ಕಾಯುತ್ತಾ ಕೂತವನೂ ಈ ವ್ಯತ್ಯಾಸ ಬಾಯಲ್ಲಿ ತಪ್ಪು ಮಾಡುವುದಿಲ್ಲ. ಪೆನ್ನು ಹಿಡಿದ ಕೂಡಲೇ ಎಲ್ಲಕ್ಕೂ ‘ವಿಲ್’ ಬಳಿದುಬಿಡುತ್ತಾನೆ.

‘ಇಫ್ ಇಟ್ ವಿಲ್ ರೇನ್’ ಅನ್ನುವ ತಪ್ಪಂತೂ ನನಗೆ ಸೋಜಿಗ. ನಮ್ಮ ‘ಮಳಿ ಬಂದ್ರ’ ಒಡೆದು ನೋಡಿ. ‘ಬಂದ’ ಇದೆ, ‘ಬರುವ’ ಇಲ್ಲವೇ ಇಲ್ಲ. ಕನ್ನಡದವನು ಈ ತಪ್ಪು ಮಾಡಲು ಕಾರಣವೇ ಇರಲಿಲ್ಲ. ‘ನಾಳೆ ಅಂತ ಬಂದರೆ ವಿಲ್ ಹಾಕು’ ಅಂತ ಯಾರೋ ಸೂತ್ರ ಕೊಟ್ಟದ್ದರ ಫಲ ಇದು. ‘ಇಫ್ ಇಟ್ ರೇನ್ಸ್’, ‘ವೆನ್ ಹಿ ಕಮ್ಸ್’ ಅಷ್ಟೇ. ‘ಇಫ್ ಯೂ ವಿಲ್ ವೇಟ್ ಎ ಮಿನಿಟ್’ ಅನ್ನಬಹುದು, ಅದು ‘ದಯವಿಟ್ಟು ಮನಸ್ಸು ಮಾಡಿ ನಿಲ್ಲುವುದಾದರೆ’ ಅನ್ನುವ ಮರ್ಯಾದೆಯ ಮಾತು. ಮತ್ತೆ ಅದೇ ‘ಒಲ್’.

‘ಶಲ್’ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ‘ಐ, ವಿ’ ಬಂದರೆ ‘ಶಲ್’, ಉಳಿದವಕ್ಕೆ ‘ವಿಲ್’ ಅನ್ನುವ ನಿಯಮವನ್ನು ಜಾನ್ ವಾಲಿಸ್ ಅನ್ನುವ ಗಣಿತಜ್ಞ 1653ರಲ್ಲಿ ಲ್ಯಾಟಿನ್‌ನಲ್ಲಿ ಬರೆದ ಇಂಗ್ಲಿಷ್ ವ್ಯಾಕರಣದಲ್ಲಿ ಹಾಕಿದ. ಮಾತಾಡುವ ಜನ ಅದನ್ನು ಅಷ್ಟಾಗಿ ಕೇಳಲಿಲ್ಲ. ನಮ್ಮ ಗೈಡ್‌ಗಳು ಮಾತ್ರ ಇನ್ನೂ ಬಿಟ್ಟಿಲ್ಲ. ಈಗ ಉಳಿದಿರುವ ಮುಖ್ಯ ಬಳಕೆ ಎರಡು. ಕೇಳುವಾಗ ‘ಚಾ ಮಾಡ್ಲೇನ್ರಿ?’, ‘ಹೋಗೂಣೇನು?’ ಅನ್ನುತ್ತೇವಲ್ಲ, ಅದು ‘ಶಲ್ ಐ’, ‘ಶಲ್ ವಿ’. ಇಷ್ಟು ಸರಿಯಾದ ಜೋಡಿ ಇನ್ನೆಲ್ಲೂ ಸಿಗಲಿಕ್ಕಿಲ್ಲ. ಇನ್ನೊಂದು ಕಾನೂನಿನ ‘ಶಲ್’. ಸಂವಿಧಾನದ 1ನೇ ವಿಧಿ ‘ಇಂಡಿಯಾ, ದಟ್ ಈಸ್ ಭಾರತ್, ಶಲ್ ಬಿ ಎ ಯೂನಿಯನ್ ಆಫ್ ಸ್ಟೇಟ್ಸ್’ ಅನ್ನುತ್ತದೆ. ಮುಂದೆ ಯಾವತ್ತೋ ಆಗುತ್ತದೆ ಅಂತಲ್ಲ ಅದು, ಹೀಗೇ ಇರತಕ್ಕದ್ದು ಅಂತ. ಧಾರವಾಡ ಹೈಕೋರ್ಟ್ ಪೀಠದಲ್ಲಿ ಕೆಲಸ ಮಾಡುವವರು ಬಳಗದಲ್ಲಿ ಇದ್ದರೆ ‘ಶಲ್’, ‘ಮೇ’ ಜಗಳದ ಬಗ್ಗೆ ನನಗಿಂತ ಚೆನ್ನಾಗಿ ಹೇಳುತ್ತಾರೆ.

‘ಬೇಕು’ ಒಂದೇ ಪದ, ಇಂಗ್ಲಿಷಿನಲ್ಲಿ ಮೂರು ನಾಲ್ಕು ಅಂತ ಹುಡುಗರು ಗೊಣಗುತ್ತಾರೆ. ನಿಜ ಅಲ್ಲ. ಮೇಲಿನವರು ಹೇಳಿದ್ದಕ್ಕೆ, ಕೆಲಸ ಬಿದ್ದದ್ದಕ್ಕೆ ಹೋಗುವುದಾದರೆ ‘ಹೋಗಬೇಕಾಗೈತಿ’, ಅದು ‘ಹ್ಯಾವ್ ಟು’. ನನ್ನದೇ ಒತ್ತಾಯ ಇದ್ದರೆ ‘ಹೋಗಲೇಬೇಕು’, ಅದು ‘ಮಸ್ಟ್’. ಸಲಹೆ ಆದರೆ ‘ಹೋದ್ರ ಛಲೋ’, ‘ಶುಡ್’. ‘ಮಸ್ಟ್ ಹ್ಯಾವ್ ಗಾನ್’ ಅಂದರೆ ‘ಹೋಗಿರಬೇಕು’, ಅಂದಾಜು. ‘ಶುಡ್ ಹ್ಯಾವ್ ಗಾನ್’ ಅಂದರೆ ‘ಹೋಗಬೇಕಿತ್ತು’, ಹೋಗಲಿಲ್ಲ ಅನ್ನುವ ಆಕ್ಷೇಪ. ‘ಇಷ್ಟೊತ್ತಿಗೆ ಹುಬ್ಬಳ್ಳಿ ಮುಟ್ಟಿರ್ತಾನ’ ಅನ್ನುವುದು ‘ವಿಲ್ ಹ್ಯಾವ್ ರೀಚ್ಡ್’. ಇಲ್ಲೂ ‘ವಿಲ್’ ಇದೆ, ಆದರೆ ಮಾತು ಈಗಿನದು.

‘ಮೇ, ಮೈಟ್’ಗೆ ‘ಬಂದೀತು’, ‘ಬರಬಹುದು’ ಇವೆ. ಆದರೆ ಇಲ್ಲಿ ನಮ್ಮ ಕಡೆಯವರಿಗೆ ಒಂದು ಗುಂಡಿ ಇದೆ. ಪುಸ್ತಕದ ‘ಬಂದಾನು’ ಅಂದರೆ ಬಂದರೂ ಬರಬಹುದು. ನಮ್ಮ ‘ಬಂದಾನ’ ಅಂದರೆ ಬಂದಿದ್ದಾನೆ, ಪಡಸಾಲೆಯಲ್ಲಿ ಕುಂತಾನ! ಕೊನೆಯ ಸ್ವರ ಒಂದೇ ವ್ಯತ್ಯಾಸ. ಮೈಸೂರು ಕಡೆಯವರು ಬರೆದ ಗೈಡ್‌ನಲ್ಲಿ ‘ಹಿ ಮೇ ಕಮ್: ಅವನು ಬಂದಾನು’ ಅಂತ ಇದ್ದದ್ದನ್ನು ಲಕ್ಷ್ಮೇಶ್ವರ ಕಡೆಯ ಹುಡುಗಿ ‘ಹಿ ಹ್ಯಾಸ್ ಕಮ್’ ಅಂತ ತಿಳಿದುಕೊಂಡರೆ ಅವಳದೇನು ತಪ್ಪು? ಹಾಗಾಗಿ ನಾನು ‘ಬಂದಾನು’ ಬಿಟ್ಟು ‘ಬರಬಹುದು’ ಇಟ್ಟುಕೊಂಡಿದ್ದೇನೆ. ‘ನೀವು ಹೋಗಬಹುದು’ ಅನ್ನುವಾಗ ಅಪ್ಪಣೆ, ‘ಮಳೆ ಬರಬಹುದು’ ಅನ್ನುವಾಗ ಅಂದಾಜು. ‘ಮೇ’ ಕೂಡ ಹೀಗೇ ಎರಡು ಕಡೆ ನಡೆಯುತ್ತದೆ.

ಈಗ ನನ್ನ ನಿಜವಾದ ತೊಡಕು, ‘ವುಡ್’. ಇದನ್ನು ‘ವಿಲ್’ನ ಮರ್ಯಾದಸ್ಥ ರೂಪ ಅಂತ ತಿಳಿದು ಎಲ್ಲ ಕಡೆ ಹಾಕುವ ರೂಢಿ ಬಿದ್ದಿದೆ. ‘ವಾಟರ್ ವುಡ್ ಬಿ ಸಪ್ಲೈಡ್ ಟುಮಾರೊ’ ಅಂತ ಅಪಾರ್ಟ್‌ಮೆಂಟಿನ ವಾಟ್ಸ್ಆ್ಯಪ್ ಗುಂಪಿನಲ್ಲಿ ಬರುತ್ತದೆ. ‘ವುಡ್’ ಹಾಕಿದರೆ ‘ಬಿಡುತ್ತಿದ್ದರು, ಆದರೆ…’ ಅನ್ನುವ ಧ್ವನಿ ಬರುತ್ತದೆ. ನಮ್ಮ ಊರಿನ ನೀರಿನ ಪರಿಸ್ಥಿತಿಗೆ ಅದೇ ಸರಿ ಅಂತ ಯಾರೋ ನಕ್ಕರು, ಅದು ಬೇರೆ ಮಾತು. ಹೇಳಿದ ಮಾತನ್ನು ಮತ್ತೆ ಹೇಳುವಾಗ ‘ಹಿ ಸೆಡ್ ಹಿ ವುಡ್ ಕಮ್’ ಬರುತ್ತದೆ. ನಾವು ‘ಬರ್ತೀನಿ ಅಂದ’ ಅಂತ ಅವನ ಮಾತನ್ನು ಹಾಗೇ ಇಟ್ಟುಬಿಡುತ್ತೇವೆ, ಕಾಲ ಹಿಂದೆ ಸರಿಸುವ ಗೋಜೇ ಇಲ್ಲ. ಇದನ್ನು ಹೇಗೋ ಅಭ್ಯಾಸ ಮಾಡಿಸಬಹುದು.

ಆಗದಿರುವುದು ಇದು. ‘ರೊಕ್ಕ ಇದ್ರ ತಗೋತಿದ್ದೆ’ ಅಂದರೆ ಈಗ ರೊಕ್ಕ ಇಲ್ಲ, ಅದಕ್ಕೆ ತಗೊಳ್ಳುತ್ತಿಲ್ಲ: ‘ವುಡ್ ಬೈ’. ‘ರೊಕ್ಕ ಇದ್ದಿದ್ರ ತಗೋತಿದ್ದೆ’ ಅಂದರೆ ಹೋದ ವರ್ಷದ ಮಾತು: ‘ವುಡ್ ಹ್ಯಾವ್ ಬಾಟ್’. ಮೊದಲ ತುಂಡಿನಲ್ಲಿ ‘ಇದ್ರ’, ‘ಇದ್ದಿದ್ರ’ ಅಂತ ಬೇರೆ ಬೇರೆ. ಎರಡನೇ ತುಂಡು ಮಾತ್ರ ಎರಡಕ್ಕೂ ಒಂದೇ, ‘ತಗೋತಿದ್ದೆ’. ಇದಲ್ಲದೆ ಅದೇ ‘ತಗೋತಿದ್ದೆ’ ಮೊದಲು ದಿನಾ ಮಾಡುತ್ತಿದ್ದ ಕೆಲಸಕ್ಕೂ ಬರುತ್ತದೆ. ಹುಡುಗರು ಸಹಜವಾಗಿ ‘ಇಫ್ ಐ ಹ್ಯಾಡ್ ಹ್ಯಾಡ್ ಮನಿ, ಐ ವುಡ್ ಬೈ’ ಅಂತ ಬರೆಯುತ್ತಾರೆ.

ಬೆಂಗಳೂರು ಕಡೆ ‘ತಗೊಂಡಿರ್ತಿದ್ದೆ’ ಅನ್ನುವುದನ್ನು ಕೇಳಿದ್ದೇನೆ. ಅದು ‘ವುಡ್ ಹ್ಯಾವ್ ಬಾಟ್’ಗೆ ಸರಿಯಾಗಿ ಕೂರುತ್ತದೆ. ನನ್ನ ಪ್ರಶ್ನೆ ಇಷ್ಟೇ: ಗದಗ, ಹಾವೇರಿ, ರಾಣೆಬೆನ್ನೂರು ಕಡೆಯ ಹಳ್ಳಿಗಳಲ್ಲಿ ಈ ಥರ ‘ತಗೊಂಡಿರ್ತಿದ್ದೆ’, ‘ಹೋಗಿರ್ತಿದ್ದೆ’ ಅನ್ನುವ ರೂಪ ಮನೆಮಾತಿನಲ್ಲಿ ಇದೆಯೇ? ಅಥವಾ ಇದೇ ಅರ್ಥಕ್ಕೆ ಬೇರೆ ರೂಪ ಇದೆಯೇ? ಟಿವಿ ನೋಡಿ ಕಲಿತದ್ದು ಬೇಡ, ಮನೆಯಲ್ಲಿ ಅಜ್ಜಿ ಅಮ್ಮಂದಿರು ಆಡಿದ್ದನ್ನು ಕೇಳಿದ್ದರೆ ಇಡೀ ವಾಕ್ಯ ಬರೆದು, ಊರಿನ ಹೆಸರಿನ ಜೊತೆ ಕಳಿಸಿ. ‘ವಲ್ದು’ ನಿಮ್ಮ ಊರಲ್ಲಿ ಯಾವ ಯಾವ ರೂಪದಲ್ಲಿ ಇದೆ ಅನ್ನುವುದನ್ನೂ ಸೇರಿಸಿದರೆ ಇನ್ನೂ ಛಲೋ.