ಪೆನಾಂಗ್, ಫುಕೆಟ್‌ನಲ್ಲಿ ಇಳಿದ ದಿನ ಹಡಗಿನ ಟೂರ್ ತಗೊಳ್ಳೋದಾ, ನಾವೇ ಗೈಡ್ ಹಿಡಿಯೋದಾ?

ಕಿಟಕಿಸೀಟು
ಎಲ್ರಿಗೂ ನಮಸ್ಕಾರ. ಮುಂದಿನ ತಿಂಗಳು ಸಿಂಗಪುರದಿಂದ 4 ರಾತ್ರಿ ಕ್ರೂಸ್ ಬುಕ್ ಮಾಡಿದೀವಿ, ಮಧ್ಯೆ ಮಲೇಷ್ಯಾದ ಪೆನಾಂಗಲ್ಲಿ ಒಂದಿನ, ಥಾಯ್ಲೆಂಡಿನ ಫುಕೆಟಲ್ಲಿ ಒಂದಿನ ನಿಲ್ಲುತ್ತೆ. ನಾನು, ನಮ್ಮನೆಯವರು, ಅಪ್ಪ ಅಮ್ಮ. ಅಮ್ಮಂಗೆ ಮಂಡಿನೋವು, ಮೆಟ್ಟಿಲು ಅಂದ್ರೆ ಆಗಲ್ಲ. ಹಡಗಿನವರ ಟೂರ್ ರೇಟು ನಾಲ್ಕು ಜನಕ್ಕೆ ಲೆಕ್ಕ ಹಾಕಿ ತಲೆ ತಿರುಗ್ತು. ಹೊರಗಡೆ ಗೈಡ್ ಹಿಡಿದ್ರೆ ಎಷ್ಟೋ ಕಮ್ಮಿ ಅಂತಾರೆ, ಆದ್ರೆ ಲೇಟಾಗಿ ಹಡಗು ಬಿಟ್ಟೋದ್ರೆ ಗತಿ ಏನು ಅಂತ ಅಪ್ಪ ಈಗ್ಲೇ ಶುರು ಹಚ್ಕೊಂಡಿದಾರೆ. ಪೆನಾಂಗಲ್ಲಿ ಕೆಕ್ ಲೋಕ್ ಸಿ ಬೌದ್ಧ ದೇವಸ್ಥಾನ, ಪೆನಾಂಗ್ ಹಿಲ್ ಬೆಟ್ಟ, ಜಾರ್ಜ್ ಟೌನ್ ಅನ್ನೋ ಹಳೇ ಪಟ್ಟಣ ಮೂರೂ ಒಂದೇ ದಿನ ಆಗುತ್ತಾ? ಹೋಗಿ ಬಂದೋರು ಹೇಳಿ ಪ್ಲೀಸ್.

ಉಪ್ಪುನೀರು
ಪೆನಾಂಗ್‌ಗೆ ಹಡಗಿನ ಟೂರ್ ಬೇಡವೇ ಬೇಡ. ಹಡಗು ನಿಲ್ಲೋ ಸ್ವೆಟೆನ್‌ಹ್ಯಾಮ್ ಪಿಯರ್ ಇರೋದೇ ಜಾರ್ಜ್ ಟೌನ್ ಮಗ್ಗುಲಲ್ಲಿ, ಹೊರಗೆ ಬಂದ್ರೆ ಫೋರ್ಟ್ ಕಾರ್ನ್‌ವಾಲಿಸ್ ನಡೆಯೋ ದೂರ. ಕಾರು, ಡ್ರೈವರ್ ಕಮ್ ಗೈಡ್ ಇಡೀ ದಿನಕ್ಕೆ ಮಾತಾಡ್ಕೊಳ್ಳಿ ಸಾಕು.

ಮೂರು ಆಗಲ್ಲ, ಎರಡು ಇಟ್ಕೊಳ್ಳಿ. ಕೆಕ್ ಲೋಕ್ ಸಿ ಮತ್ತೆ ಹಿಲ್ ಎರಡೂ ಆಯರ್ ಇತಾಮ್ ಕಡೆನೇ ಇರೋದ್ರಿಂದ ಎಲ್ರೂ ಸೇರಿಸ್ತಾರೆ, ನಾವೂ ಸೇರಿಸಿದ್ವಿ, ಆಮೇಲೆ ಹಿಲ್ ರೈಲಿನ ಕ್ಯೂನಲ್ಲಿ ನಿಂತು ನಿಂತು ಮೇಲೆ ಹೋಗಿ ಹತ್ತು ನಿಮಿಷ ಮೋಡ ನೋಡ್ಕೊಂಡು ಇಳಿದ್ವಿ, ಊರು ಕಾಣಲೇ ಇಲ್ಲ. ಕೆಕ್ ಲೋಕ್ ಸಿ ಮಾತ್ರ ಬಿಡಬೇಡಿ. ಕೆಲಸ ಶುರುವಾಗಿದ್ದು 1890ರಲ್ಲಂತೆ, ಏಳಂತಸ್ತಿನ ಪಗೋಡ ಮುಗಿದಿದ್ದು 1930ಕ್ಕೆ. ನಾನು ಸುಮ್ನೆ ಫೋಟೋ ತೆಗೀತಿದ್ದೆ, ಗೈಡ್ ಕೈ ಹಿಡಿದು ನಿಲ್ಲಿಸಿ ಕೆಳಗೆ ನೋಡಿ ಚೀನೀ, ಮಧ್ಯ ಥಾಯ್, ತುದಿ ಬರ್ಮಾ ಅಂತ ಬೆರಳಿಟ್ಟು ತೋರಿಸಿದ, ಆಮೇಲೆ ನೋಡಿದ್ರೆ ನಿಜವಾಗ್ಲೂ ಮೂರು ಗೋಪುರ ಒಂದರ ಮೇಲೊಂದು ಕೂರಿಸಿದ ಹಾಗಿದೆ. ಗೈಡ್ ಇಲ್ದೆ ಹೋಗಿದ್ರೆ ನಂಗೆ ಗೊತ್ತೇ ಆಗ್ತಿರ್ಲಿಲ್ಲ.

ಅಮ್ಮಂಗೆ ಕೆಳಗಿನ ಅಂಗಡಿ ಸಾಲಿನ ಮೆಟ್ಟಿಲು ಬೇಡ, ಕಾರು ಎಲ್ಲಿವರೆಗೆ ಹೋಗುತ್ತೋ ಅಲ್ಲಿವರೆಗೂ ಬಿಡು ಅಂತ ಮೊದ್ಲೇ ಹೇಳಿಡಿ. 30 ಮೀಟರಿನ ಕಂಚಿನ ಕುವಾನ್ ಯಿನ್ (ಕರುಣೆಯ ದೇವಿ) ವಿಗ್ರಹದ ಹತ್ರ ಹೋಗೋಕೆ ಇಳಿಜಾರಲ್ಲಿ ಹೋಗೋ ಲಿಫ್ಟ್ ಇದೆ, ಟಿಕೆಟ್ ಬೇರೆ. ಮಧ್ಯಾಹ್ನ ಲಿಟಲ್ ಇಂಡಿಯಾಗೆ ಬನ್ನಿ, ಬಾಳೆಎಲೆ ಊಟ ಸಿಗುತ್ತೆ. ಉಳಿದ ಟೈಮಲ್ಲಿ ಚ್ಯೂ ಜೆಟ್ಟಿ, ನೀರಲ್ಲಿ ಕಂಬದ ಮೇಲೆ ನಿಂತಿರೋ ಮನೆಗಳು, ಹಲಗೆ ದಾರಿ. ಅಲ್ಲಿ ಈಗ್ಲೂ ಜನ ವಾಸ ಇದಾರೆ, ಕಿಟಕಿ ಒಳಗೆ ಕ್ಯಾಮೆರಾ ತೂರಿಸಬೇಡಿ ಅಷ್ಟೆ.

ಹಡಗುಹುಚ್ಚಿ
ಪೆನಾಂಗ್ ಬಗ್ಗೆ ಮೇಲಿನವ್ರು ಹೇಳಿದ್ದು ಸರಿ, ಫುಕೆಟ್ ಕಥೆನೇ ಬೇರೆ. ಹಡಗು ಪಟೋಂಗ್‌ನಲ್ಲಿ ನಿಂತ್ರೆ ದಡಕ್ಕೆ ಬರಲ್ಲ, ಕೊಲ್ಲಿಯಲ್ಲಿ ಲಂಗರು ಹಾಕಿ ಟೆಂಡರ್ ದೋಣಿಲಿ ಬಿಡ್ತಾರೆ. ದೋಣಿ ಅಲ್ಲಾಡ್ತಿರುತ್ತೆ, ಅಮ್ಮಂಗೆ ಇಬ್ರು ಕೈ ಕೊಡಬೇಕು. ಮಳೆಗಾಲದ ಅಲೆ ಜೋರಿದ್ರೆ ಟೆಂಡರ್ರೇ ಕ್ಯಾನ್ಸಲ್ ಆಗಬಹುದು, ಹಂಗಾದ್ರೆ ಹೊರಗಿನ ಗೈಡ್‌ಗೆ ಕೊಟ್ಟ ಅಡ್ವಾನ್ಸ್ ಬಂದ್ರೆ ಬಂತು, ಇಲ್ದಿದ್ರೆ ಇಲ್ಲ.

ಇನ್ನೊಂದು ಮುಖ್ಯವಾದ್ದು. ಸಿಂಗಪುರ ಮಲೇಷ್ಯಾ ಒಂದೇ ಟೈಮ್, ಥಾಯ್ಲೆಂಡ್ ಒಂದು ಗಂಟೆ ಹಿಂದೆ. ಹಡಗಿನ ಗಡಿಯಾರ ಸಿಂಗಪುರದ್ದೇ ಇಟ್ಟಿದ್ರು, ಫೋನು ದಡಕ್ಕೆ ಬಂದ ತಕ್ಷಣ ತಾನೇ ಬದಲಾಯ್ತು. ಕೊನೇ ದೋಣಿ ನಾಲ್ಕೂವರೆಗೆ. ನಾವು ಬೀಚಲ್ಲಿ ಎಳನೀರು ಕುಡೀತಾ ಆರಾಮಾಗಿ ಕೂತಿದೀವಿ, ನನ್ನ ಫೋನಲ್ಲಿ ಮೂರೂ ಹತ್ತು, ನಮ್ಮನೆಯವರ ಕೈಗಡಿಯಾರದಲ್ಲಿ ನಾಲ್ಕೂ ಹತ್ತು. ಮುಖ ಮುಖ ನೋಡ್ಕೊಂಡ್ವಿ. ಮರಳಲ್ಲಿ ಚಪ್ಪಲಿ ಕೈಲಿಡ್ಕೊಂಡು ಓಡಿದ್ದು ಇನ್ನೂ ಕಣ್ಮುಂದಿದೆ. ಹಡಗಿನವರದ್ದೇ ಟೂರ್ ಬಸ್ಸು ಲೇಟಾದ್ರೆ ಕಾಯ್ತಾರೆ, ನಾವೇ ಹೋಗಿ ಲೇಟಾದ್ರೆ ಕಾಯಲ್ಲ, ಮುಂದಿನ ಬಂದರಿಗೆ ನಮ್ಮ ಖರ್ಚಲ್ಲೇ ಹೋಗಬೇಕು. ನಿಮ್ಮಪ್ಪ ಹೆದರೋದ್ರಲ್ಲಿ ತಪ್ಪಿಲ್ಲ.

ದೂರದ ಫಂಗ್ ನ್ಗಾ ಕೊಲ್ಲಿ ನೋಡ್ಲೇಬೇಕು ಅಂದ್ರೆ ಹಡಗಿನ ಟೂರೇ ತಗೊಳ್ಳಿ. ಇಲ್ಲಾಂದ್ರೆ ವಾಟ್ ಚಲೋಂಗ್ ಬೌದ್ಧ ದೇವಸ್ಥಾನ, ಹಳೇ ಫುಕೆಟ್ ಟೌನ್ ಅಷ್ಟೇ ಆರಾಮಾಗಿ. ವಾಟ್ ಚಲೋಂಗಲ್ಲಿ ಹರಕೆ ತೀರಿದೋರು ಇಟ್ಟಿಗೆ ಗೂಡಲ್ಲಿ ಪಟಾಕಿ ಸರ ಹಚ್ತಾರೆ, ಏನೂ ಗೊತ್ತಿಲ್ದೆ ಪಕ್ಕದಲ್ಲಿ ನಿಂತಿದ್ದ ನಂಗೆ ಜೀವ ಬಾಯಿಗೆ ಬಂದಿತ್ತು. ಭುಜ ಮಂಡಿ ಮುಚ್ಚೋ ಬಟ್ಟೆ ಹಾಕ್ಕೊಳ್ಳಿ.

ಅರ್ಧಟಿಕೆಟ್ಟು
ಹಡಗಿನ ಟೂರ್ ಅಂದ್ರೆ ಚಿನ್ನ ಅನ್ಕೋಬೇಡಿ. ಫುಕೆಟಲ್ಲಿ ನಾವು ಹಡಗಿಂದಾನೇ ಬುಕ್ ಮಾಡಿದ್ವಿ, ನಲವತ್ತು ಜನದ ಬಸ್ಸು, ಒಡವೆ ಅಂಗಡಿಲಿ ಮುಕ್ಕಾಲು ಗಂಟೆ, ಗೋಡಂಬಿ ಅಂಗಡಿಲಿ ಅರ್ಧ ಗಂಟೆ, ದೇವಸ್ಥಾನದಲ್ಲಿ ಇಪ್ಪತ್ತು ನಿಮಿಷ. ಗೈಡ್ ಹುಡುಗಿ ಪಾಪ ಒಳ್ಳೆಯವ್ಳು, ಅಂಗಡಿಗೆ ಕರ್ಕೊಂಡು ಹೋಗ್ದಿದ್ರೆ ಅವಳ ಸಂಬಳ ಗಿಟ್ಟಲ್ಲ ಅನ್ಸುತ್ತೆ. ಯಾರ ಹತ್ರ ಬುಕ್ ಮಾಡಿದ್ರೂ ಶಾಪಿಂಗ್ ಸ್ಟಾಪ್ ಇದ್ಯಾ, ಎಷ್ಟು ಹೊತ್ತು ಅಂತ ಮೊದ್ಲು ಬರೆದು ಕೇಳಿ.

ಕಿಟಕಿಸೀಟು
ತುಂಬಾ ಥ್ಯಾಂಕ್ಸ್. ಪೆನಾಂಗ್‌ಗೆ ಕಾರು, ಹಿಲ್ ಬಿಟ್ವಿ. ಫುಕೆಟ್‌ಗೆ ಹಡಗಿನ ಸಣ್ಣ ಟೂರ್ ಒಂದಿದೆ, ಅಂಗಡಿ ಎಷ್ಟು ಅಂತ ಕೇಳಿ ಮೇಲ್ ಹಾಕಿದೀನಿ. ಟೈಮ್ ವಿಷಯ ಓದಿ ಹೇಳಿದ್ದೇ ತಡ, ಅಪ್ಪ ಬೀರು ತೆಗೆದು ಹಳೇ ವಾಚು ಹುಡುಕ್ತಾ ಇದಾರೆ.