ಫರ್ಲೋ, ಮರುಕರೆ, ನಿವೃತ್ತಿ, ಹೊಸ ನೇಮಕಾತಿ: ದಾವಣಗೆರೆ-ಚಿತ್ರದುರ್ಗ ಗುಂಪಿನಲ್ಲಿ ಪೈಲಟ್ ಕೆಲಸದ ಪ್ರಶ್ನೋತ್ತರ

ಪ್ರಶ್ನೆ (ಹೊಳಲ್ಕೆರೆ): ಸರ್, ನನ್ನ ತಂಗಿ ಮಗ ಅಮೆರಿಕದ ಒಂದು ಏರ್‌ಲೈನ್‌ನಲ್ಲಿ ಫಸ್ಟ್ ಆಫೀಸರ್ (ಸಹ ಪೈಲಟ್). ಗ್ರೀನ್ ಕಾರ್ಡ್ ಇದೆ. ಹೋದ ತಿಂಗಳು ಫರ್ಲೋ ಲೆಟರ್ ಕೊಟ್ಟಿದ್ದಾರಂತೆ. ಇದು ರಜೆನಾ, ಕೆಲಸ ಹೋದಂಗಾ? ವಾಪಸ್ ಕರೀತಾರೆ ಅಂತಾನೆ. ನಂಬಬಹುದಾ? ಅಲ್ಲಿವರೆಗೆ ಬೇರೆ ಕಡೆ ಸೇರಬಹುದಾ?

ಉತ್ತರ (ಕ್ಯಾಪ್ಟನ್): ರಜೆ ಅಲ್ಲ, ವಜಾನೂ ಅಲ್ಲ. ಸಂಬಳ ನಿಲ್ಲುತ್ತೆ, ಸೀನಿಯಾರಿಟಿ ಪಟ್ಟಿಯಲ್ಲಿ ಹೆಸರು ಉಳಿಯುತ್ತೆ. ಅಲ್ಲಿನ ದೊಡ್ಡ ಕಂಪನಿಗಳಲ್ಲಿ ಯೂನಿಯನ್ ಒಪ್ಪಂದದ ಪ್ರಕಾರ ಕಡೆಯಲ್ಲಿ ಸೇರಿದವರನ್ನು ಮೊದಲು ಮನೆಗೆ ಕಳಿಸ್ತಾರೆ. ಕರೆಯುವಾಗ ಮನೆಗೆ ಹೋದವರಲ್ಲೇ ಹಿರಿಯರಿಗೆ ಮೊದಲ ಸರದಿ. ಆ ಪಟ್ಟಿ ಮುಗಿಯೋವರೆಗೆ ಸಾಮಾನ್ಯವಾಗಿ ಹೊರಗಿನಿಂದ ಹೊಸಬರನ್ನು ತಗೊಳ್ಳೋ ಹಾಗಿಲ್ಲ. ಹಾಗಾಗಿ "ಕರೀತಾರಾ" ಅಂತ ಕೇಳೋದಕ್ಕಿಂತ ಮರುಕರೆ ಸಾಲಿನಲ್ಲಿ ಅವನ ಮುಂದೆ ಎಷ್ಟು ಜನ ಇದ್ದಾರೆ ಅಂತ ಕೇಳಿ.

ಲೆಕ್ಕ ಹಾಕೋದು ಹೀಗೆ. ಊಹೆಗೆ, ಅವನ ಮುಂದೆ 140 ಜನ ಅಂತಿಟ್ಟುಕೊಳ್ಳಿ. ಅಮೆರಿಕದಲ್ಲಿ ಏರ್‌ಲೈನ್ ಪೈಲಟ್ 65 ತುಂಬಿದ ದಿನ ಇಳಿಯಲೇಬೇಕು, ಆದ್ದರಿಂದ ಯಾವ ವರ್ಷ ಎಷ್ಟು ನಿವೃತ್ತಿ ಅನ್ನೋದು ಹುಟ್ಟಿದ ತಾರೀಖು ನೋಡಿದರೇ ಗೊತ್ತಾಗುತ್ತೆ. ವರ್ಷಕ್ಕೆ 60 ಜನ ನಿವೃತ್ತಿ, 20 ಜನ ಬೇರೆ ಕಂಪನಿಗೆ, ಅಂದ್ರೆ 80 ಜಾಗ. ಸಾಲಿನಲ್ಲಿ ಮುಂದಿರೋರಲ್ಲಿ ಮೂರನೇ ಒಂದು ಭಾಗ ಬೇರೆ ಕಡೆ ನೆಲೆ ಕಂಡು ವಾಪಸ್ ಬರಲಿಲ್ಲ ಅಂದ್ರೆ ಉಳಿದೋರು 93. ಸುಮಾರು 14 ತಿಂಗಳಿಗೆ ಇವನ ಸರದಿ. ಆದ್ರೆ ವಿಮಾನಗಳ ಸಂಖ್ಯೆ ಅಷ್ಟೇ ಇದ್ದರೆ ಮಾತ್ರ ಈ ಲೆಕ್ಕ. ಒಂದು ಸಣ್ಣ ಜೆಟ್‌ಗೆ 10ರಿಂದ 12 ಪೈಲಟ್ ಬೇಕು. ಕಂಪನಿ 10 ವಿಮಾನ ವಾಪಸ್ ಕೊಟ್ಟರೆ 100ರಿಂದ 120 ಜಾಗ ಹೋಯ್ತು, ವರ್ಷದ ನಿವೃತ್ತಿಯೆಲ್ಲ ಅದಕ್ಕೇ ಜಮಾ.

ಎರಡು ಉದಾಹರಣೆ ನೋಡಿ. 2020ರ ಅಕ್ಟೋಬರ್ 1ಕ್ಕೆ ಅಮೆರಿಕನ್ ಏರ್‌ಲೈನ್ಸ್ ಸುಮಾರು 1,600 ಪೈಲಟ್‌ಗಳನ್ನು ಫರ್ಲೋ ಮಾಡ್ತು. ಡಿಸೆಂಬರ್ ಕೊನೆಗೆ ಸರ್ಕಾರದ ಎರಡನೇ ನೆರವು ಬಂದ ಕೂಡಲೇ ವಾಪಸ್ ತಗೊಳ್ತು. ಅಲ್ಲಿನದೇ ಸ್ಪಿರಿಟ್ ಏರ್‌ಲೈನ್ಸ್ ಕಥೆ ಬೇರೆ. 2024ರ ಸೆಪ್ಟೆಂಬರ್‌ನಿಂದ ಕಂತು ಕಂತಾಗಿ ಫರ್ಲೋ, ನಡುವೆ 2024ರ ನವೆಂಬರ್ ಮತ್ತು 2025ರ ಆಗಸ್ಟ್‌ನಲ್ಲಿ ಎರಡು ಸಲ ದಿವಾಳಿ ಅರ್ಜಿ. ಅಲ್ಲಿ ಸಾಲಿನ ನಂಬರ್ ಹಿಡಿದು ಕೂತರೆ ಪ್ರಯೋಜನ ಇಲ್ಲ. ನಿಮ್ಮ ಹುಡುಗನ ಕಂಪನಿ ಈ ಎರಡರಲ್ಲಿ ಯಾವ ತರಹದ್ದು ಅಂತ ಮೊದಲು ನೋಡಲಿ.

ಈಗಲೇ ಮಾಡಬೇಕಾದ್ದು: ಕಂಪನಿಯಲ್ಲೂ ಯೂನಿಯನ್‌ನಲ್ಲೂ ಮನೆ ವಿಳಾಸ, ಫೋನ್ ಸರಿ ಇಡಲಿ. ಮರುಕರೆ ಪತ್ರ ಬಂದ ಮೇಲೆ ಉತ್ತರಿಸೋಕೆ ದಿನಗಳ ಗಡುವು ಇರುತ್ತೆ, ತಪ್ಪಿದರೆ ಪಟ್ಟಿಯಿಂದ ಹೆಸರು ಹೋಗುತ್ತೆ. ಮನೆ ಖಾಲಿ ಮಾಡಿ ಊರಿಗೆ ಬಂದು ಕೂತವರು ಸಿಕ್ಕಿಹಾಕಿಕೊಳ್ಳೋದು ಇಲ್ಲೇ. ಮರುಕರೆ ಹಕ್ಕು ಎಷ್ಟು ವರ್ಷ, ಒಂದು ಸಲ "ಈಗ ಬೇಡ, ಮುಂದಿನ ಸಲ" ಅನ್ನೋ ಅವಕಾಶ ಇದೆಯಾ ಅಂತ ಒಪ್ಪಂದದಲ್ಲಿ ಓದಲಿ. ಆರೋಗ್ಯ ವಿಮೆ ಯಾವ ದಿನ ನಿಲ್ಲುತ್ತೆ ಅಂತ ಬರಹದಲ್ಲಿ ತಗೊಳ್ಳಲಿ. ಅಲ್ಲಿನ ರಾಜ್ಯ ಸರ್ಕಾರದ ನಿರುದ್ಯೋಗ ಭತ್ಯೆಗೆ ಮೊದಲ ವಾರವೇ ಅರ್ಜಿ ಹಾಕಲಿ, ಅದಕ್ಕೆ ನಾಚಿಕೆ ಬೇಡ. ಫಸ್ಟ್ ಕ್ಲಾಸ್ ಮೆಡಿಕಲ್ (ಪೈಲಟ್ ಆರೋಗ್ಯ ಪ್ರಮಾಣಪತ್ರ) ಲ್ಯಾಪ್ಸ್ ಆಗದ ಹಾಗೆ ನೋಡಿಕೊಳ್ಳಲಿ. ಬೇರೆ ಕಡೆ ಧಾರಾಳವಾಗಿ ಸೇರಬಹುದು, ಆದ್ರೆ ಕೆಲವು ಕಂಪನಿಗಳು "ಹಳೇ ಸೀನಿಯಾರಿಟಿ ಬಿಟ್ಟುಕೊಟ್ಟು ಬಾ" ಅಂತ ಕೇಳ್ತಾವೆ. ಸಹಿಗೆ ಮುಂಚೆ ಆ ಸಾಲು ಇದೆಯಾ ಅಂತ ಹುಡುಕಲಿ.

ಉತ್ತರ (ಕ್ರೂ ಪ್ಲಾನಿಂಗ್, ಅಂದ್ರೆ ಪೈಲಟ್‌ಗಳ ಡ್ಯೂಟಿ ಹೊಂದಿಸೋ ವಿಭಾಗದವರು): ಕ್ಯಾಪ್ಟನ್ ಸಾಹೇಬ್ರ 14 ತಿಂಗಳು ಕಾಗದದ ಲೆಕ್ಕ. ಜಾಗ ಖಾಲಿ ಆದ ದಿನವೇ ಕರೆಯೋಕೆ ಆಗಲ್ಲ. ಒಬ್ಬ 777 (ದೊಡ್ಡ ಬೋಯಿಂಗ್) ಕ್ಯಾಪ್ಟನ್ ನಿವೃತ್ತಿ ಆದ್ರೆ ಆ ಸೀಟಿಗೆ 737 (ಸಣ್ಣ ಬೋಯಿಂಗ್) ಕ್ಯಾಪ್ಟನ್ ಬರ್ತಾರೆ, ಅವರ ಸೀಟಿಗೆ ಫಸ್ಟ್ ಆಫೀಸರ್ ಬಡ್ತಿ ಪಡೀತಾರೆ, ಆಮೇಲೆ ಖಾಲಿ ಆದ ಬಲಗಡೆ ಸೀಟಿಗೆ, ಅಂದ್ರೆ ಫಸ್ಟ್ ಆಫೀಸರ್ ಜಾಗಕ್ಕೆ, ಮರುಕರೆ. ಒಂದು ನಿವೃತ್ತಿಗೆ ಮೂರು ತರಬೇತಿ, ಪ್ರತಿಯೊಂದಕ್ಕೂ ವಾರಗಟ್ಟಲೆ ಸಿಮ್ಯುಲೇಟರ್. ಸಿಮ್ಯುಲೇಟರ್ ಗಂಟೆ, ಟ್ರೈನಿಂಗ್ ಕ್ಯಾಪ್ಟನ್‌ಗಳು ಸೀಮಿತ. ಅದಕ್ಕೇ ಬ್ಯಾಚ್ ಬ್ಯಾಚಾಗಿ ಕರೀತಾರೆ. 14 ಅಂದ್ರೆ 18 ಅಂತ ಇಟ್ಟುಕೊಳ್ಳಿ. ಫರ್ಲೋ ಮಾಡುವಾಗಲೂ ಇದೇ ಸರಪಳಿ ಉಲ್ಟಾ ಓಡುತ್ತೆ. ದೊಡ್ಡ ವಿಮಾನದಿಂದ ಇಳಿದವರಿಗೆಲ್ಲ ಮತ್ತೆ ತರಬೇತಿ ಕೊಡೋ ಖರ್ಚಿಗೆ ಹೆದರಿಯೇ ಕೆಲವು ಕಂಪನಿಗಳು ಯೂನಿಯನ್ ಜೊತೆ ಮಾತಾಡಿ, ಎಲ್ಲರ ಹಾರಾಟದ ಗಂಟೆ ಕಡಿಮೆ ಮಾಡಿ, ಫರ್ಲೋ ತಪ್ಪಿಸ್ತಾವೆ. 2020ರಲ್ಲಿ ಡೆಲ್ಟಾ, ಯುನೈಟೆಡ್ ಮಾಡಿದ್ದು ಅದನ್ನೇ.

ಪ್ರಶ್ನೆ (ಹೊಳಲ್ಕೆರೆ, ಮತ್ತೆ): ನಿವೃತ್ತಿ ವಯಸ್ಸು 67 ಮಾಡ್ತಾರೆ ಅಂತ ಸುದ್ದಿ ಇತ್ತಲ್ಲ ಸರ್, ಇವನಿಗೆ ಅದರಿಂದ ಒಳ್ಳೇದಾ?

ಉತ್ತರ (ಕ್ಯಾಪ್ಟನ್): ಇವನಿಗೆ ಕೆಟ್ಟದ್ದು. 67 ಮಾಡಿದ ದಿನದಿಂದ ಎರಡು ವರ್ಷ ವಯಸ್ಸಿನ ನಿವೃತ್ತಿ ಹೆಚ್ಚುಕಮ್ಮಿ ನಿಂತೇ ಹೋಗುತ್ತೆ, ಸಾಲು ಅಲ್ಲೇ ನಿಲ್ಲುತ್ತೆ. 2007ರ ಡಿಸೆಂಬರ್‌ನಲ್ಲಿ 60 ಇದ್ದದ್ದು 65 ಆಯ್ತು. ಮುಂದಿನ ವರ್ಷವೇ ಆರ್ಥಿಕ ಕುಸಿತ ಬಂತು. ಎರಡೂ ಸೇರಿ ಕೆಳಗಿನವರು ವರ್ಷಗಟ್ಟಲೆ ಕಾದರು. 67ರ ಪ್ರಸ್ತಾವ 2023ರಲ್ಲಿ ಅಮೆರಿಕದ ಕೆಳಮನೆಯಲ್ಲಿ ಪಾಸಾಗಿತ್ತು, 2024ರ ಮೇ ತಿಂಗಳ ಅಂತಿಮ ಕಾಯ್ದೆಗೆ ಸೇರಲಿಲ್ಲ. ಅಂತರರಾಷ್ಟ್ರೀಯ ಹಾರಾಟಕ್ಕೂ ಮಿತಿ 65.

ಪ್ರಶ್ನೆ (ದಾವಣಗೆರೆ, ವಿದ್ಯಾನಗರ): ನಮ್ಮಲ್ಲೂ ಹಿಂಗೆ ವಾಪಸ್ ಕರೆಯೋ ಪಟ್ಟಿ ಇದೆಯಾ?

ಉತ್ತರ (ಕ್ಯಾಪ್ಟನ್): ಇಲ್ಲ. ಜೆಟ್ ಏರ್‌ವೇಸ್ 2019ರ ಏಪ್ರಿಲ್ 17ಕ್ಕೆ ನಿಂತಾಗ, ಗೋ ಫಸ್ಟ್ 2023ರ ಮೇನಲ್ಲಿ ನಿಂತಾಗ, ಪೈಲಟ್‌ಗಳು ಬೇರೆ ಕಂಪನಿಗಳಿಗೆ ಹೊಸದಾಗಿ ಅರ್ಜಿ ಹಾಕಬೇಕಾಯ್ತು. ಹೊಸ ಕಡೆ ಸೀನಿಯಾರಿಟಿ ಸೊನ್ನೆಯಿಂದ. ಅಲ್ಲಿ ಕೈ ಹಿಡಿದದ್ದು ಟೈಪ್ ರೇಟಿಂಗ್, ಅಂದ್ರೆ ಒಂದು ಮಾದರಿಯ ವಿಮಾನ ಹಾರಿಸೋ ಅರ್ಹತೆ. ಗೋ ಫಸ್ಟ್‌ನವರು ಎ320 ಹಾರಿಸ್ತಿದ್ದರು, ಇಂಡಿಗೋ, ಏರ್ ಇಂಡಿಯಾ ಎರಡರಲ್ಲೂ ಅದೇ ವಿಮಾನ. ಜೆಟ್‌ನ 737 ಪೈಲಟ್‌ಗಳಿಗೆ ಆಗ ಸ್ಪೈಸ್‌ಜೆಟ್ ಇತ್ತು.

ಬಾಕಿ ಸಂಬಳ ಇದ್ದರೆ, ದಿವಾಳಿ ಪ್ರಕ್ರಿಯೆ ಶುರುವಾದ ಕೂಡಲೇ ರೆಸಲ್ಯೂಷನ್ ಪ್ರೊಫೆಷನಲ್‌ಗೆ (ದಿವಾಳಿ ಪ್ರಕ್ರಿಯೆ ನಡೆಸೋರು) ಫಾರ್ಮ್ ಡಿ, ಅಂದ್ರೆ ನೌಕರರ ಬಾಕಿ ಕೇಳೋ ಅರ್ಜಿ, ಕೊಡಬೇಕು. ಜೊತೆಗೆ ನೇಮಕಾತಿ ಪತ್ರ, ಸಂಬಳದ ಚೀಟಿ, ಬ್ಯಾಂಕ್ ಸ್ಟೇಟ್‌ಮೆಂಟ್, ಫಾರ್ಮ್ 16. ಕಂಪನಿ ಇಮೇಲ್ ಬಂದ್ ಆದ್ರೆ ಚೀಟಿಗಳು ಸಿಗಲ್ಲ, ಸಂಬಳ ತಡ ಆದ ಮೊದಲ ತಿಂಗಳೇ ಎಲ್ಲ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ. ಲಾಗ್‌ಬುಕ್‌ಗೆ (ಹಾರಿದ ಗಂಟೆಗಳ ದಾಖಲೆ) ಸಹಿ, ಸೀಲು ಕೂಡ ಆಗಲೇ ಹಾಕಿಸಿಕೊಳ್ಳಿ.

ಪ್ರಶ್ನೆ (ಚನ್ನಗಿರಿ): ನಮಸ್ಕಾರ ಸರ್. ಮಗ ಸೆಕೆಂಡ್ ಪಿಯುಸಿ ಸೈನ್ಸ್ ಮುಗಿಸಿದಾನೆ. ಪಿ.ಬಿ. ರಸ್ತೆ ಹೋಟೆಲ್‌ನಲ್ಲಿ ಒಂದು ಕನ್ಸಲ್ಟೆನ್ಸಿಯವರು ಸೆಮಿನಾರ್ ಮಾಡಿದ್ರು. ಸಾವಿರಾರು ಪೈಲಟ್ ರಿಟೈರ್ ಆಗ್ತಾರೆ, ಸಾವಿರಾರು ವಿಮಾನ ಬರ್ತಾವೆ, ಈಗಲೇ ಅಡ್ವಾನ್ಸ್ ಕಟ್ಟಿ ಅಂದ್ರು. ಎರಡು ಎಕರೆ ಅಡಿಕೆ ತೋಟ ಕೊಟ್ಟರೆ ದುಡ್ಡು ಹೊಂದುತ್ತೆ. ಕೊಡಬಹುದಾ?

ಉತ್ತರ (ಕ್ಯಾಪ್ಟನ್): ಯಜಮಾನ್ರೇ, ಅವರು ಹೇಳಿದ ನಿವೃತ್ತಿ ಅಲೆ ಅಮೆರಿಕದ್ದು. ಅಲ್ಲಿ ಏರ್‌ಲೈನ್‌ಗೆ ಸೇರೋಕೆ ಸಾಮಾನ್ಯವಾಗಿ 1,500 ಗಂಟೆ ಹಾರಿರಬೇಕು, ಜೊತೆಗೆ ಕೆಲಸ ಮಾಡುವ ಹಕ್ಕೂ ಬೇಕು. ನಿಮ್ಮ ಹುಡುಗನಿಗೆ ಆ ಬಾಗಿಲು ಈಗ ಇಲ್ಲ. ನಮ್ಮ ದೇಶದಲ್ಲಿ ನೇಮಕಾತಿ ನಡೆಯೋದು ನಿವೃತ್ತಿಯಿಂದ ಅಲ್ಲ, ವಿಮಾನ ಬಂದದ್ದರಿಂದ. ಇಂಡಿಗೋ 2023ರ ಜೂನ್‌ನಲ್ಲಿ 500, ಏರ್ ಇಂಡಿಯಾ ಅದೇ ವರ್ಷ 470, ಆಕಾಸಾ 2024ರ ಜನವರಿಯಲ್ಲಿ 150 ಆರ್ಡರ್ ಮಾಡಿದ್ದು ನಿಜ. ಮರದ ಮೇಲಿರೋ ಅಡಿಕೆ ನೋಡಿ ಸಾಲ ಮಾಡಿದರೆ ಏನಾಗುತ್ತೆ ಅಂತ ನಿಮಗೆ ಹೇಳಬೇಕಾಗಿಲ್ಲ, ಆರ್ಡರ್ ಕೂಡ ಅದೇ ಲೆಕ್ಕ. ಬೋಯಿಂಗ್ ವಿಮಾನ ಕೊಡೋದು ತಡ ಆಗಿ, ಆಕಾಸಾ ಆಯ್ಕೆ ಮಾಡಿಕೊಂಡ ಪೈಲಟ್‌ಗಳು ಹಾರದೆ ಕಾಯಬೇಕಾಯ್ತು. ಪ್ರ್ಯಾಟ್ ಅಂಡ್ ವಿಟ್ನಿ ಎಂಜಿನ್ ತೊಂದರೆಯಿಂದ ಇಂಡಿಗೋದ ಹತ್ತಾರು ವಿಮಾನ ನೆಲದ ಮೇಲೆ ನಿಂತಿದ್ದವು.

ಇನ್ನೊಂದು ವಿಷಯ ಆ ಸೆಮಿನಾರ್‌ನಲ್ಲಿ ಹೇಳಿರಲ್ಲ. ಕೊರತೆ ಇರೋದು ಕ್ಯಾಪ್ಟನ್‌ಗಳದ್ದು. 2025ರ ನವೆಂಬರ್ 1ರಿಂದ ಪೈಲಟ್‌ಗಳ ವಿಶ್ರಾಂತಿ ನಿಯಮ ಬಿಗಿ ಆಯ್ತು. ವಾರದ ವಿಶ್ರಾಂತಿ ಅದೇ ವರ್ಷ ಜುಲೈನಲ್ಲೇ 36 ಗಂಟೆಯಿಂದ 48ಕ್ಕೆ ಏರಿತ್ತು, ನವೆಂಬರ್‌ನಲ್ಲಿ ರಾತ್ರಿ ಲ್ಯಾಂಡಿಂಗ್ ಮಿತಿ 6ರಿಂದ 2ಕ್ಕೆ ಇಳೀತು, ಅಷ್ಟೇ ಹಾರಾಟಕ್ಕೆ ಹೆಚ್ಚು ಪೈಲಟ್ ಬೇಕಾಯ್ತು. ಡಿಸೆಂಬರ್ ಮೊದಲ ವಾರ ಇಂಡಿಗೋದ ಸಾವಿರಾರು ವಿಮಾನಯಾನ ರದ್ದಾಗಿದ್ದನ್ನು ಟಿವಿಯಲ್ಲಿ ನೋಡಿರ್ತೀರಿ. ಆದ್ರೆ 200 ಗಂಟೆಯ ಸಿಪಿಎಲ್ (ಕಮರ್ಷಿಯಲ್ ಪೈಲಟ್ ಲೈಸೆನ್ಸ್) ಹಿಡಿದವನನ್ನು ಕ್ಯಾಪ್ಟನ್ ಸೀಟಿನಲ್ಲಿ ಕೂರಿಸೋಕೆ ಬರಲ್ಲ. ಕ್ಯಾಪ್ಟನ್‌ಗೆ ಬೇಕಾದ ಎಟಿಪಿಎಲ್ ಲೈಸೆನ್ಸ್‌ಗೇ 1,500 ಗಂಟೆ ಬೇಕು. ಹೊಸ ಸಿಪಿಎಲ್‌ನವರು ಸಾಲಾಗಿ ನಿಂತಿದ್ದಾರೆ.

ತೋಟ ಈಗ ಕೊಡಬೇಡಿ. ಮೊದಲು ಸಾವಿರಗಳಲ್ಲಿ ಆಗೋ ಕೆಲಸ ಮುಗಿಸಿ. ಬೆಂಗಳೂರಿನಲ್ಲಿ ಡಿಜಿಸಿಎ (ಕೇಂದ್ರದ ವಿಮಾನಯಾನ ನಿಯಂತ್ರಣ ಸಂಸ್ಥೆ) ಪಟ್ಟಿಯಲ್ಲಿರೋ ಡಾಕ್ಟರ ಹತ್ತಿರ ಕ್ಲಾಸ್ 2 ಮೆಡಿಕಲ್, ಅದರ ಹಿಂದೆಯೇ ಕ್ಲಾಸ್ 1. ಬಣ್ಣ ಗುರುತಿಸೋದು, ಕಿವಿ, ಇಸಿಜಿ ಎಲ್ಲ ಅಲ್ಲೇ ಗೊತ್ತಾಗುತ್ತೆ. ಫೀಸು ಕಟ್ಟಿದ ಮೇಲೆ ಕ್ಲಾಸ್ 1ರಲ್ಲಿ ಫೇಲ್ ಆದವರ ದುಡ್ಡು ವಾಪಸ್ ಬರೋದು ಕಷ್ಟ. ಆಮೇಲೆ ಡಿಜಿಸಿಎ ಪರೀಕ್ಷೆಗೆ ಬೇಕಾದ ಕಂಪ್ಯೂಟರ್ ನಂಬರ್ ತಗೊಂಡು ನ್ಯಾವಿಗೇಷನ್, ಹವಾಮಾನ, ರೆಗ್ಯುಲೇಷನ್ಸ್, ಟೆಕ್ನಿಕಲ್ ಪೇಪರ್‌ಗಳನ್ನು ಮನೆಯಲ್ಲೇ ಓದಿ ಪಾಸಾಗಲಿ, 70 ಅಂಕ ಬೇಕು. ಇಷ್ಟು ಒಂದು ವರ್ಷದಲ್ಲಿ ಆದರೆ ಹುಡುಗನಿಗೆ ದಮ್ಮು ಇದೆ ಅಂತ ಅರ್ಥ.

ಖರ್ಚು ಸಿಪಿಎಲ್‌ಗೆ ಸುಮಾರು 50ರಿಂದ 70 ಲಕ್ಷ. ಟೈಪ್ ರೇಟಿಂಗ್‌ಗೆ ಮತ್ತೆ 15ರಿಂದ 25 ಲಕ್ಷ. ಕನ್ಸಲ್ಟೆನ್ಸಿ ಹೇಳಿದ ಮೊತ್ತದಲ್ಲಿ ಇದು ಸೇರಿದೆಯಾ ಅಂತ ಕೇಳಿ. ಯಾವ ಏರ್‌ಲೈನ್ ಅಂತ ಗೊತ್ತಾಗೋ ಮುಂಚೆ ಟೈಪ್ ರೇಟಿಂಗ್ ಮಾಡಿಸಲೇಬೇಡಿ. ಕೆಲಸ ಸಿಗೋವರೆಗೂ ಪ್ರತಿ ವರ್ಷ ಇನ್‌ಸ್ಟ್ರುಮೆಂಟ್ ರೇಟಿಂಗ್ (ಉಪಕರಣ ನೋಡಿ ಹಾರಿಸೋ ಅರ್ಹತೆ) ನವೀಕರಿಸಬೇಕು, ಅದೂ ದುಡ್ಡು. ಎರಡು ವರ್ಷ ಕಾಯೋ ಹಣ ಬೇರೆ ಇಟ್ಟುಕೊಂಡೇ ಹೊರಡಿ.

ತರಬೇತಿ ಶಾಲೆ ನೋಡುವಾಗ ಬ್ರೋಷರ್ ಬೇಡ, ಹ್ಯಾಂಗರ್‌ಗೆ ಹೋಗಿ. ಹತ್ತು ವಿಮಾನ ಅಂದಿದ್ದರೆ ಇವತ್ತು ಹಾರಿದ್ದು ಎಷ್ಟು, ಎಂಜಿನ್ ಬಿಚ್ಚಿ ಮೂಲೆಯಲ್ಲಿ ನಿಂತದ್ದು ಎಷ್ಟು, ಕಳೆದ ಬ್ಯಾಚ್‌ಗೆ 200 ಗಂಟೆ ಆಗೋಕೆ ಎಷ್ಟು ತಿಂಗಳು ಹಿಡೀತು ಅಂತ ವಿದ್ಯಾರ್ಥಿಗಳನ್ನೇ ಕ್ಯಾಂಟೀನ್‌ನಲ್ಲಿ ಕೇಳಿ. ಹಾರಿದ ಗಂಟೆಗೆ ತಕ್ಕ ಕಂತು ಕಟ್ಟಿ. ಡಿಜಿಸಿಎ 2025ರಿಂದ ಶಾಲೆಗಳಿಗೆ ದರ್ಜೆ ಕೊಡ್ತಿದೆ. ಮೊದಲ ಪಟ್ಟಿಯಲ್ಲಿ ಎ ಪ್ಲಸ್, ಎ ಎರಡೂ ಯಾರಿಗೂ ಸಿಕ್ಕಿರಲಿಲ್ಲ.

ಪ್ರಶ್ನೆ (ಚಳ್ಳಕೆರೆ): ನಮ್ಮ ಕುದಾಪುರದ ಹತ್ತಿರ ಅಷ್ಟುದ್ದ ರನ್‌ವೇ ಇದೆ, ಅಲ್ಲಿ ಕಲಿಸಲ್ವಾ ಅಣ್ಣಾ?

ಉತ್ತರ (ಕ್ರೂ ಪ್ಲಾನಿಂಗ್): ಅದು ಡಿಆರ್‌ಡಿಒ (ರಕ್ಷಣಾ ಸಂಶೋಧನಾ ಸಂಸ್ಥೆ) ಪರೀಕ್ಷಾ ಕೇಂದ್ರ, ಪೈಲಟ್ ಇಲ್ಲದ ವಿಮಾನಗಳಿಗೆ! ನಮಗೆ ಹತ್ತಿರದ್ದು ಬೆಂಗಳೂರಿನ ಜಕ್ಕೂರು, ಬೆಳಗಾವಿ, ಕಲಬುರಗಿ.

ಪ್ರಶ್ನೆ (ಹರಿಹರ): ಪಿಯುಸಿ ಕಾಮರ್ಸ್ ಆದವರು?

ಉತ್ತರ (ಕ್ರೂ ಪ್ಲಾನಿಂಗ್): ಎನ್‌ಐಒಎಸ್‌ನಲ್ಲಿ (ಕೇಂದ್ರದ ಮುಕ್ತ ಶಾಲೆ) 12ನೇ ತರಗತಿಯ ಫಿಸಿಕ್ಸ್, ಮ್ಯಾಥ್ಸ್ ಎರಡೇ ವಿಷಯ ಕಟ್ಟಿ ಪಾಸಾದರೆ ನಡೆಯುತ್ತೆ. ನಿಯಮ ಸಡಿಲಿಸೋ ಮಾತು ನಡೆದಿದೆ, ಅದನ್ನು ನಂಬಿ ಪರೀಕ್ಷೆ ಬಿಡಬೇಡಿ. ಹತ್ತನೇ, ಹನ್ನೆರಡನೇ ಅಂಕಪಟ್ಟಿ, ಆಧಾರ್, ಪಾಸ್‌ಪೋರ್ಟ್ ಎಲ್ಲದರಲ್ಲೂ ಹೆಸರು, ಇನಿಷಿಯಲ್ ಒಂದೇ ಥರ ಇರಲಿ. ನಮ್ಮ ಕಡೆ ಇನಿಷಿಯಲ್ ಗೊಂದಲಕ್ಕೇ ಕಂಪ್ಯೂಟರ್ ನಂಬರ್ ಅರ್ಜಿ ವಾಪಸ್ ಬರೋದು.